ಒಂದು ಕಿವಿ ಫೋನಿಗೆ

ಸಿಸ್ಟರ್ ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಹಾಕಿಕೊಳ್ಳುತ್ತಿದ್ದರು. ಅದರ ಒತ್ತಡಕ್ಕೆ ಶನಿವಾರ ಸಂಜೆಯೆಲ್ಲ ಆ ಕಿವಿ ಕೆಂಪಗಿರುತ್ತಿತ್ತು. ಎಡಗಿವಿ ಫೋನಿಗೆ ಮೀಸಲು. ರಿಂಗಾದರೆ ಸಾಕು, ಹಾಡನ್ನು ಅರ್ಧಕ್ಕೇ ತಗ್ಗಿಸಿ ಎತ್ತಿಬಿಡುವರು. "ಹಾಡು ಎಲ್ಲಿಗೂ ಓಡಿಹೋಗುದಿಲ್ಲ ಮಾರಾಯ್ರೆ. ಫೋನ್ ಮಾಡಿದವರಿಗೆ ನಾಳೆ ಆಪರೇಷನ್ ಉಂಟು," ಎನ್ನುವರು.

ಮಂಗಳೂರಿನವರಾದ ಅವರು ಜರ್ಮನಿಯ ಬೊಬ್ಲಿಂಗೆನ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸಾಗಿದ್ದರು. ನಿವೃತ್ತರಾದ ಮೇಲೆ ಅಲ್ಲಿಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ರೋಗಿಗಳ ರೇಡಿಯೋ ನಡೆಸುತ್ತಿದ್ದರು. ಹಾಸಿಗೆ ಪಕ್ಕದ ಇಯರ್‌ಫೋನಿನಲ್ಲಿ ಮಾತ್ರ ಕೇಳುವ ರೇಡಿಯೋ ಅದು; ಶನಿವಾರ ಸಂಜೆ ರೋಗಿಗಳು ಫೋನ್ ಮಾಡಿ ತಮಗೆ ಬೇಕಾದ ಹಾಡು ಹಾಕಿಸಿಕೊಳ್ಳುವರು.

ನಾನು ಸೇರಿದ್ದು ಸೇವೆಯ ಹಂಬಲದಿಂದಲ್ಲ. ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ಧಾರವಾಡದ ಇಂಜಿನಿಯರ್ ನಾನು. ಅದರ ಅವಧಿ ಐದೇ ವರ್ಷ. ಅದನ್ನು ಮುಂದುವರಿಸಲು ವೀಸಾ ಕಚೇರಿಯಲ್ಲಿ, ಸಂಬಳವಿಲ್ಲದೆ ಸೇವೆ ಮಾಡಿದ್ದಕ್ಕೆ ಸೇವಾಪತ್ರವೊಂದನ್ನು ತೋರಿಸಿದರೆ ಒಳ್ಳೆಯದೆಂದು ಗೆಳೆಯನೊಬ್ಬ ಹೇಳಿದ್ದ. ಸಿಸ್ಟರ್ ನನ್ನ ಹರಕುಮುರುಕು ಜರ್ಮನ್ನಿಗೆ ನಕ್ಕು, ನಕ್ಕಷ್ಟೇ ತಾಳ್ಮೆಯಿಂದ ತಿದ್ದಿದರು. ಹಾಕಿದ ಷರತ್ತು ಒಂದೇ: "ಹಾಡು ಟೇಪಿಂದು ಆಗ್ಲಿ, ಮನುಷ್ಯ ಟೇಪಿಂದು ಆಗ್ಬಾರ್ದು."

ಎರಡನೆಯ ವರ್ಷದ ದೀಪಾವಳಿಗೆ ಡ್ಯೂಸೆಲ್ಡಾರ್ಫ್‌ನಲ್ಲಿ ಕನ್ನಡದವರ ಊಟವಿತ್ತು, ಅದೂ ಶನಿವಾರ. ಸಿಸ್ಟರ್ ಆಗ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ರೋಗಿಯಾಗಿ ಮಲಗಿದ್ದರು. ರೇಡಿಯೋ ನನ್ನ ಕೈಗೆ ಬಂದಿತ್ತು. ಶುಕ್ರವಾರವೇ ಕಾರ್ಯಕ್ರಮ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಟೈಮರ್ ಇಟ್ಟೆ. "ನಾನಿಲ್ಲೇ ಕೂತಿದ್ದೇನೆ, ಫೋನ್ ಮಾಡಿ," ಎಂದು ಎಂದಿನಂತೆ ಹೇಳಿದೆ. ಅಷ್ಟು ಸಾಲದೆಂದು, ಯಾರೋ ಕರೆ ಮಾಡಿದಂತೆ ನಟಿಸಿ ಅವರಿಗೊಂದು ಹಾಡೂ ಹಾಕಿದೆ. ಮರುದಿನ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಗೆಳೆಯರ ಮುಂದೆ ಇದನ್ನು ಕೊಚ್ಚಿಕೊಂಡೆ ಕೂಡ. "ಏನ್ ತಲಿ ಓಡಿಸೀಯೋ ಮಗಾ," ಎಂದು ಒಬ್ಬ ಬೆನ್ನು ತಟ್ಟಿದ.

ಸೋಮವಾರ ಹೂಗುಚ್ಛ ಹಿಡಿದು ಸಿಸ್ಟರನ್ನು ನೋಡಲು ಹೋದೆ. ಸಹಿ ಬೇಕೆಂದು ಅವರಿಗೆ ಮೊದಲೇ ಹೇಳಿಟ್ಟಿದ್ದ ಸೇವಾಪತ್ರವೂ ಚೀಲದಲ್ಲಿತ್ತು.

"ನಿಮ್ಮ ಜರ್ಮನ್ ಈಗ ಚಂದ ಆಗಿದೆ," ಎಂದರು. ಆಮೇಲೆ ಪಕ್ಕದ ಹಾಸಿಗೆಯಲ್ಲಿ ನಿದ್ದೆಹೋಗಿದ್ದ ಜರ್ಮನ್ ಅಜ್ಜಿಯತ್ತ ನೋಡಿ ದನಿ ತಗ್ಗಿಸಿದರು. "ಇವರು ಮೊನ್ನೆ ಹನ್ನೊಂದು ಸಲ ಫೋನ್ ಮಾಡಿದ್ರು. ಪಾಪ, ಅವರನ್ನು ನೋಡ್ಲಿಕ್ಕೆ ಯಾರೂ ಬರುದಿಲ್ಲ. ಬೇರೆಯವರ ಫೋನ್ ಎತ್ತುತ್ತಾನೆ, ನನ್ನದು ಯಾಕೆ ಎತ್ತುದಿಲ್ಲ ಅಂತ ಅತ್ತರು. ನಮ್ಮ ರೂಮಿನ ಲೈನ್ ಹಾಳಾಗಿದೆ ಅಂತ ನಾನೇ ಸುಳ್ಳು ಹೇಳಿದೆ."

ತಪ್ಪೊಪ್ಪಿಕೊಳ್ಳಲು ಅವರೇ ಬಾಗಿಲು ತೆರೆದುಕೊಟ್ಟಿದ್ದರು. ನನ್ನ ಬಾಯಿಂದ ಬಂದದ್ದು, "ಹೌದ್ರೀ ಸಿಸ್ಟರ್, ಲೈನ್ ಕೆಟ್ಟಿರಬೇಕು."

ಅವರ ಮುಖದಲ್ಲಿ ಕೋಪ ಕಂಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸಹಿ ಬೇಕಿತ್ತಲ್ಲ, ಕೊಡಿ," ಎಂದು ಅವರೇ ಕೈಚಾಚಿದರು. ಕನ್ನಡಕ ಹಾಕಿಕೊಂಡು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ ಸಹಿ ಹಾಕಿದರು.

ಗುರುವಾರ ಅವರು ತೀರಿಕೊಂಡರು. ಶನಿವಾರ ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು ಕೂತೆ. ಮೂರನೇ ಮಹಡಿಯ ಅಜ್ಜಿ ಫೋನ್ ಮಾಡಲಿಲ್ಲ. ಅಂದಿಗೂ ಇಂದಿಗೂ ನನಗೆ ನನ್ನದೇ ಮುಖ ನೋಡಿಕೊಳ್ಳಲು ನಾಚಿಕೆ.

ಸೇವಾಪತ್ರದಲ್ಲಿ ನಾನೇ ಟೈಪ್ ಮಾಡಿದ್ದ ಸಾಲೊಂದಿತ್ತು: "ಇವರು ಪ್ರತಿ ಶನಿವಾರವೂ ಖುದ್ದಾಗಿ ಹಾಜರಿದ್ದರು." ಅದರ ಕೆಳಗೇ ಸಿಸ್ಟರ್ ಸಹಿ. ಪತ್ರವನ್ನು ಹರಿದುಹಾಕಬಹುದಿತ್ತು. ನಾನು ಅದನ್ನು ವೀಸಾ ಕಚೇರಿಯಲ್ಲಿ ಕೊಟ್ಟೆ.