ಮಂಗಳ ಗ್ರಹದ ತೂಬು

ಮುನ್ನೂರು ವರ್ಷಗಳ ನಂತರದ ಮಂಗಳ ಗ್ರಹದ ಬಗ್ಗೆ ನಾನೊಂದು ಕತೆ ಬರೆದೆ. ಅಲ್ಲಿ ಕಾಲುವೆಯ ತೂಬುಗಳನ್ನು ರೋಬೋಟುಗಳೇ ತೆಗೆದು ಮುಚ್ಚುತ್ತವೆ, ಎಲ್ಲರ ಗದ್ದೆಗೂ ಸಮನಾಗಿ ನೀರು ಹರಿಯುತ್ತದೆ. ಅದನ್ನು ಕಾರಟಗಿಯ ಸೋದರಮಾವನಿಗೆ ಜಂಬದಿಂದ ಓದಿ ಹೇಳಿದೆ. ಮಾವನ ಗದ್ದೆ ಇರುವುದು ಕಾಲುವೆಯ ಕಟ್ಟಕಡೆಗೆ.

"ಭಾಳ ಛಲೋ ಐತಿ. ಆದ್ರ ಆ ರೋಬೋಟನ್ನ ಕಾಯಾಕ ಯಾರು ಕುಂತಾರ?" ಎಂದು ಮಾವ ಕೇಳಿದ.

ನಮ್ಮಲ್ಲಿ ನೀರು ಬಿಟ್ಟ ದಿನ ಕೊನೆಭಾಗದವರು ಬುತ್ತಿ ಕಟ್ಟಿಕೊಂಡು ಹೋಗಿ ಮೇಲಿನ ತೂಬುಗಳ ಹತ್ತಿರ ಕಾವಲು ಕೂರುತ್ತಾರೆ. ಕೂರದಿದ್ದರೆ ನೀರೆಲ್ಲ ಮೇಲಿನ ಗದ್ದೆಗಳಿಗೇ ತಿರುಗಿ, ಕೆಳಗೆ ಇಳಿಯುವುದೇ ಇಲ್ಲ. ಇದನ್ನೇ ಮರೆತೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಆಮ್ಲಜನಕದ ಮುಖವಾಡ ಹಾಕಿಕೊಂಡು, ರೊಟ್ಟಿಯ ಗಂಟನ್ನು ಮಗ್ಗುಲಲ್ಲಿಟ್ಟುಕೊಂಡು ತೂಬಿನ ಹತ್ತಿರ ಕೂತ ಮುದುಕನೊಬ್ಬನನ್ನು ಕತೆಗೆ ಸೇರಿಸಿದೆ.

ಕತೆ ಪತ್ರಿಕೆಯಲ್ಲಿ ಬಂದ ದಿನವೇ ಗಂಗಾವತಿಯ ಭಾವ ಫೋನ್ ಮಾಡಿದರು. ಅವರ ಗದ್ದೆ ಅದೇ ಕಾಲುವೆಯ ಮೇಲ್ಭಾಗದಲ್ಲಿದೆ.

"ಮಂಗಳ ಗ್ರಹಕ್ಕ ಹೋದ್ರೂ ನಮ್ಮನ್ನ ಕಳ್ಳರು ಮಾಡೋದು ಬಿಡಲಿಲ್ಲಲ್ಲೋ!"

ಕತೆಯಲ್ಲಿ ಮುದುಕ ಸುಮ್ಮನೆ ಕೂತಿರುತ್ತಾನೆ, ಅಷ್ಟೇ. ಕಳ್ಳರ ಸುದ್ದಿಯನ್ನು ನಾನು ಎತ್ತಿರಲೇ ಇಲ್ಲ.