ಅಡುಗೆಮನೆಯಿಂದ ಹೋದ ಹೆಸರು

ನಾನು ಸುಳ್ಳು ಹೇಳಿದೆ. ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಲಿಂಗ ಧರಿಸಿಕೊಂಡು, ವಿಚಾರಣೆಗೆ ಕುಳಿತವರ ಎದುರು ಸುಳ್ಳು ಹೇಳಿದೆ. "ಆ ಹೆಸರು ತನಗೆ ಹಿಡಿಸುವುದಿಲ್ಲ ಅಂತ ಅವನು ನಿಮ್ಮ ಹತ್ತಿರ ಯಾವಾಗಾದರೂ ಹೇಳಿದ್ದನೇ?" ಎಂದು ಕೇಳಿದರು. "ಇಲ್ಲ" ಎಂದೆ. ಹೇಳಿದ್ದ. ನನ್ನ ಒಲೆಯ ಪಕ್ಕದಲ್ಲೇ ನಿಂತು, ಕೈಮುಗಿಯುವುದೊಂದು ಬಾಕಿ ಅನ್ನುವ ಹಾಗೆ ಹೇಳಿದ್ದ.

ಅವನು ಎಂದರೆ ಸಾಂತಾನ ಸಿದ್ದಿ. ನನ್ನ ಮಗ ಶಿವಾನಂದನ ಜೊತೆ ಒಂದೇ ತಂಡದಲ್ಲಿ ಆಡುತ್ತಿದ್ದ ವೇಗದ ಬೌಲರ್. ತಂಡದ ಹೆಸರು ಇಲ್ಲಿ ಬೇಡ. ಸಂಬಳ ಕೊಟ್ಟು ಆಡಿಸುವ ತಂಡ ಎಂದರೆ ಸಾಕು. ಸಿದ್ದಿಗಳು ಹಳಿಯಾಳ, ಯಲ್ಲಾಪುರದ ಕಡೆಯವರು. ಎಂದೋ ಆಫ್ರಿಕಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಮೈಬಣ್ಣ, ಗುಂಗುರು ಕೂದಲು ಅಲ್ಲಿಯದು, ಮಾತು ನಮ್ಮದು. ಸಾಂತಾನನ ತಂದೆ ಕಾಂಕ್ರೀಟ್ ಕೆಲಸಕ್ಕೆಂದು ಗೋವಾಕ್ಕೆ ಬಂದು ಸಾಂಕೋಲೆಯಲ್ಲಿ ನೆಲೆಸಿದವರು. ನಾವು ಚೋರ್ಲಾ ಘಾಟ್ ಇಳಿದು ಬಂದ ಬೆಳಗಾವಿಯವರು. ಗೋವಾದ ಸಾಂಖಳಿ ಪೇಟೆಯಲ್ಲಿ ನಮ್ಮ ಯಜಮಾನರದು ಪಾತ್ರೆ ಅಂಗಡಿ.

ಶಿವು ಹತ್ತಿರದಲ್ಲೆಲ್ಲಾದರೂ ಆಡುವಾಗ ಮೂರ್ನಾಲ್ಕು ಹುಡುಗರನ್ನು ಊಟಕ್ಕೆ ಕರೆತರುತ್ತಿದ್ದ. ನನಗೂ ಅದು ಸೇವೆ ಅನ್ನಿಸುತ್ತಿತ್ತು. ಹಸಿದವರು ಬಂದು ನಮ್ಮ ಮನೆಯಲ್ಲಿ ಉಣ್ಣುವುದು ದೇವರು ನನಗೆ ಕೊಟ್ಟ ಸಣ್ಣ ಸಣ್ಣ ಕರುಣೆಗಳಲ್ಲಿ ಒಂದು ಅಂತ ಪೂಜೆಯಾದ ಮೇಲೆ ನೆನೆಯುತ್ತಿದ್ದೆ. ಸಾಂತಾನ ಮೊದಲ ಸಲ ಬಂದಾಗ ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತ. "ಕಾಕೂ, ರೊಟ್ಟಿ ಭಾಳ ಚಲೋ ಆಗ್ಯಾವ್ರಿ" ಎಂದ. ನಮ್ಮ ಕಡೆಯ ಮಾತು! ಗೋವಾದಲ್ಲಿ ಕೊಂಕಣಿ, ಹಿಂದಿ ಕೇಳಿ ಕೇಳಿ ದಣಿದ ನನ್ನ ಕಿವಿಗೆ — ನಿಜವಾಗಿ ಹೇಳುತ್ತೇನೆ, ಆ ಹೊತ್ತಿಗೆ ಸಂತೋಷವೇ ಆಗಿತ್ತು. ಆ ಸಂತೋಷದಲ್ಲೇ ನನ್ನ ಬಾಯಿಂದ ಬಂತು:

"ಎಷ್ಟ ಛಂದ ಕನ್ನಡ ಮಾತಾಡ್ತಿಯೋ ತಮ್ಮಾ! ಮಾರಿ ನೋಡಿದ್ರ ನಮ್ಮ ರೊಟ್ಟಿ ಹಂಚಿನಂಗ ಅದಿ!"

ಎಲ್ಲರೂ ನಕ್ಕರು. ಕನ್ನಡ ಬಾರದ ಹುಡುಗನೊಬ್ಬ ಏನಂದರು ಎಂದು ಕೇಳಿದ. "ತವಾ" ಎಂದ ನನ್ನ ಮಗ. ಆ ಹುಡುಗ ಇನ್ನೂ ಜೋರಾಗಿ ನಕ್ಕ. ಸಾಂತಾನನೂ ನಕ್ಕ — ಅಥವಾ ಹಲ್ಲು ಕಾಣಿಸಿದ. ಅದು ನಗುವೇ ಆಗಿತ್ತು ಎಂದು ಆಗ ನಂಬಿದ್ದೆ. ಈಗ ನಂಬಿಕೆಯಿಲ್ಲ.

ಹೆಸರು ಅಲ್ಲಿಂದ ಹೊರಟಿತು. ಡ್ರೆಸ್ಸಿಂಗ್ ರೂಮಿನಲ್ಲಿ ಅದಕ್ಕೆ ಕೈಕಾಲು ಬಂದವು. ಸಾಂತಾನ ಯಾವುದಕ್ಕಾದರೂ ಸಿಟ್ಟಾದರೆ "ತವಾ ಗರಂ ಹೋ ಗಯಾ" ಎನ್ನುವರಂತೆ. ಹಂಚು ಕಾದಿದೆಯೋ ಇಲ್ಲವೋ ನೋಡಲು ನಾವು ನೀರು ಚಿಮುಕಿಸುತ್ತೇವಲ್ಲ, ಹಾಗೆ ಹಿಂದಿನಿಂದ ಬಂದು ಅವನ ಕತ್ತಿಗೆ ನೀರು ಚಿಮುಕಿಸಿ, ಬಾಯಲ್ಲಿ "ಚುಂಯ್" ಎನ್ನುವರಂತೆ. ಇದೆಲ್ಲ ನನಗೆ ಹೇಗೆ ಗೊತ್ತು? ಶಿವು ಮನೆಯಲ್ಲಿ ಊಟಕ್ಕೆ ಕುಳಿತಾಗ ಮಾಡಿ ತೋರಿಸಿದ್ದ. ನಾನು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಿದ್ದೆ.

ಒಂದು ಮಧ್ಯಾಹ್ನ ಸಾಂತಾನ ಉಳಿದವರಿಗಿಂತ ಮೊದಲೇ ಬಂದ. ಕೈ ತೊಳೆದುಕೊಂಡು, ಕೂರದೆ, ಒಲೆಯ ಹತ್ತಿರ ನಿಂತ.

"ಕಾಕೂ, ಒಂದ ಮಾತ ಹೇಳ್ಲೇನ್ರಿ?"

"ಹೇಳಪಾ."

"ಆ ಹೆಸರು ನೀವ ಇಟ್ಟಿದ್ರಿ. ನೀವ ಬಿಡಸ್ರಿ. ಬೌಲಿಂಗಿಗೆ ಓಡಿ ಬರುಮುಂದ ನಮ್ಮ ಟೀಮಿನವರೇ ಹಿಂದಿಂದ ಚುಂಯ್ ಅಂತಾರ್ರಿ. ಈಗ ಎದುರಿನ ಟೀಮಿನವರೂ ಕಲತಾರ. ನನ್ನ ಹೆಸರು ಸಾಂತಾನ ಅನ್ನೂದ ಮರತಾರ್ರಿ ಎಲ್ಲಾರೂ. ಶಿವು ನಿಮ್ಮ ಮಾತ ಮೀರೂದಿಲ್ಲ."

ಅವನ ಕಣ್ಣುಗಳು ಒದ್ದೆಯಾಗಿದ್ದವು. ಒಲೆಯ ಹೊಗೆಗಲ್ಲ. ನಮ್ಮದು ಗ್ಯಾಸು.

"ಹುಡುಗ್ರು ಚ್ಯಾಷ್ಟಿ ಮಾಡ್ತಾರಪಾ, ಅಷ್ಟ ಯಾಕ ಮನಸಿಗಿ ಹಚ್ಕೊತಿ? ಹೇಳ್ತೀನಿ ತಗೋ" ಎಂದೆ. ಅವನ ತಾಟಿಗೆ ಇನ್ನೊಂದಿಷ್ಟು ಬೆಣ್ಣೆ ಹಾಕಿದೆ.

ಹೇಳಲಿಲ್ಲ. ಅಂದು ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಆಮೇಲೂ —

ಮರೆತೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಸಂಶಯ ಬಂದಿತ್ತು. ಶಿವುನೂ ಬೌಲಿಂಗ್ ಮಾಡುವವನೇ. ಇಬ್ಬರಲ್ಲಿ ಒಬ್ಬನಿಗೇ ಜಾಗ ಎಂಬ ಮಾತು ಮನೆಯಲ್ಲಿ ದಿನವೂ ನಡೆಯುತ್ತಿತ್ತು. ಇವನು ನನ್ನ ಹತ್ತಿರ ಯಾಕೆ ಬಂದ? ಒಬ್ಬನೇ ಯಾಕೆ ಬಂದ? ನಾಳೆ ಶಿವುನ ಮೇಲೆ ಏನಾದರೂ ಹೇಳಲು ಇಂದೇ ನೆಲ ಹದ ಮಾಡುತ್ತಿದ್ದಾನೋ? ಮುಂದೆ ಅವನು ತಂಡದ ಕಚೇರಿಗೆ ಲಿಖಿತವಾಗಿ ದೂರು ಕೊಟ್ಟಾಗ, ನೋಡು, ನಾನಂದುಕೊಂಡದ್ದೇ ಸರಿ ಎಂದುಕೊಂಡೆ. ಆಮೇಲೆ ಅವನ ಹಿಂದಿನ ನಡೆಯೆಲ್ಲ ಬೇರೆಯಾಗಿಯೇ ಕಾಣತೊಡಗಿತು. ನಮ್ಮ ಪಡಸಾಲೆಯಲ್ಲಿದ್ದ ಶಿವು ಆಟದಲ್ಲಿ ಗೆದ್ದ ಟ್ರೋಫಿಗಳನ್ನು ಅವನು ಅಷ್ಟು ಹೊತ್ತು ನೋಡಿದ್ದು ಯಾಕೆ? ಹೊಸ್ತಿಲಲ್ಲಿ ಕೂತದ್ದು ವಿನಯಕ್ಕೋ, ಒಳಗಿನ ಮಾತು ಕೇಳುವುದಕ್ಕೋ? ಉಂಡ ಮನೆಗೆ — ಹೀಗೆಲ್ಲ ಯೋಚಿಸಿದೆ. ಸಂಶಯ ಎಂಥದೆಂದರೆ, ಅದು ಒಮ್ಮೆಯೂ ನನ್ನ ಕಡೆಗೆ ತಿರುಗಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು, ಅದರಲ್ಲಿ ಒಬ್ಬರು ಹೆಣ್ಣುಮಗಳು. ಮೊದಲು ಚಹಾ ಕೊಟ್ಟರು. ಚಹಾ ಕೊಟ್ಟದ್ದೂ ನನಗೆ ಅನುಮಾನವೇ, ಒಂದು ಗುಟುಕೂ ಕುಡಿಯಲಿಲ್ಲ. ಹೆಸರು ನಾನೇ ಇಟ್ಟೆನೆಂದು ಒಪ್ಪಿಕೊಂಡೆ. ನಂತರ, ಯಾರೂ ಕೇಳದಿದ್ದರೂ, ನಮ್ಮ ಕಡೆಯ ಪದ್ಧತಿಯೊಂದನ್ನು ವಿವರಿಸಿದೆ. ಬೆಳಗಾವಿ ಧಾರವಾಡದ ಕಡೆ ಮನೆತನದ ಅಡ್ಡಹೆಸರುಗಳೇ ಹೀಗಿರುತ್ತವೆ: ಉಳ್ಳಾಗಡ್ಡಿ, ಮೆಣಸಿನಕಾಯಿ, ಹಂಚಿನಮನಿ. ವಕೀಲರಿರಲಿ, ಡಾಕ್ಟರಿರಲಿ, ಬೋರ್ಡಿನ ಮೇಲೆ ಅದನ್ನೇ ಬರೆಸುತ್ತಾರೆ. ಅದರಲ್ಲಿ ಅವಮಾನ ಯಾರೂ ಕಾಣುವುದಿಲ್ಲ, ಇದೂ ಹಾಗೆಯೇ ಎಂದೆ. ಗೋವಾದ ಆ ಮೂವರಿಗೆ ಅದು ಹೊಸದು. ಒಬ್ಬರು "ಉಳ್ಳಾಗಡ್ಡಿ ಅಂದರೆ ಈರುಳ್ಳಿಯೇ?" ಎಂದು ಕೇಳಿ ನಕ್ಕೇಬಿಟ್ಟರು. ಕೋಣೆ ಹಗುರಾಯಿತು. ಆ ಹಗುರದಲ್ಲೇ ಹೆಣ್ಣುಮಗಳು ಕೊನೆಯ ಪ್ರಶ್ನೆ ಕೇಳಿದಳು. ನಾನು ಇಲ್ಲ ಎಂದೆ.

ಆ ಪದ್ಧತಿ ಖರೆಯೇ. ಆದರೆ ಉಳ್ಳಾಗಡ್ಡಿಯವರು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತಾರೆ. ಅಜ್ಜ ಮಾಡಿದ ವ್ಯಾಪಾರ ಆ ಹೆಸರಲ್ಲಿದೆ. ಅವರ ಮುಖದ ಬಣ್ಣ ನೋಡಿ ಅದನ್ನು ಯಾರೂ ಅಂಟಿಸಿಲ್ಲ. ಅವರ ಕತ್ತಿಗೆ ಯಾರೂ ನೀರು ಚಿಮುಕಿಸುವುದಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದೆ ಹೇಗಿರುತ್ತದೆ? ಸಾಂಖಳಿ ಪೇಟೆಯಲ್ಲಿ ಕಾಯಿಪಲ್ಯದ ದರ ಕೇಳಿದರೆ ನನ್ನ ಬೆನ್ನ ಹಿಂದೆ "ಘಾಟಿ" ಎಂದವರಿದ್ದಾರೆ. ಘಟ್ಟ ಇಳಿದು ಬಂದವಳು, ನಮ್ಮವಳಲ್ಲ, ನಮಗಿಂತ ಕೆಳಗಿನವಳು ಅಂತ ಅರ್ಥ. ನಮ್ಮ ಅಂಗಡಿಗೆ "ಘಾಟ್ಯಾಚೆಂ ದುಕಾನ್" ಎನ್ನುತ್ತಿದ್ದರು. ಹಾಗೆ ಕರೆಸಿಕೊಂಡ ದಿನ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅಂಥವಳು ನಾನು — ನನಗಿಂತ ಕೆಳಗೆ ಒಬ್ಬ ಸಿಕ್ಕನೆಂದು ಸಂತೋಷಪಟ್ಟೆನೋ ಏನೋ. ಈ ಪ್ರಶ್ನೆಯನ್ನು ಶಿವನ ಮುಂದೆ ಎಷ್ಟೋ ಸಲ ಇಟ್ಟಿದ್ದೇನೆ. ಉತ್ತರ ಬಂದಿಲ್ಲ. ಬಂದಿದ್ದರೂ ನಾನು ಕೇಳಿಸಿಕೊಂಡಿಲ್ಲ.

ದೂರಿನಲ್ಲಿ ಹುರುಳಿಲ್ಲ ಎಂದು ತೀರ್ಮಾನವಾಯಿತು. ಮರುವರ್ಷ ತಂಡ ಸಾಂತಾನನನ್ನು ಕರೆಯಲಿಲ್ಲ. ಸುಳ್ಳು ದೂರು ಕೊಡುವವನು, ಹುಡುಗರಲ್ಲಿ ಒಡಕು ತರುವವನು ಎಂದು ಸುದ್ದಿ ಹಬ್ಬಿತು. ಬೇರೆ ತಂಡದವರೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಚೆಂಡು ಎಸೆಯಲು ಬೆಳೆಸಿದ ತೋಳು ಅದು, ಮತ್ತೆ ಚೆಂಡು ಹಿಡಿಯಲಿಲ್ಲ.

ನನ್ನ ಮನೆಯಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯಿತು. ಶಿವುನ ಜಾಗ ಉಳಿಯಿತು. ಅವನ ಭುಜದ ನೋವು ವಾಸಿಯಾಯಿತು. ಒಳ್ಳೆಯ ಸೊಸೆ ಬಂದಳು. ಒಂದೊಂದಕ್ಕೂ ದೇವರಿಗೆ ಕೈಮುಗಿದೆ, ಮುಗಿಯುವಾಗ ಕೈ ಸ್ವಲ್ಪ ತಡೆಯುತ್ತಿತ್ತು. ಇದು ದೇವರು ಕೊಟ್ಟದ್ದೋ, ನಾನು ಇನ್ನೊಬ್ಬರ ತಾಟಿನಿಂದ ಎತ್ತಿಕೊಂಡದ್ದೋ? ಕರುಣೆಯನ್ನೂ ಸಂಶಯದಿಂದ ನೋಡುವಂತಾದರೆ ಪೂಜೆಯಲ್ಲಿ ಏನು ಉಳಿಯುತ್ತದೆ?

ಹೀಗೇ ದಿನ ಕಳೆಯುತ್ತಿದ್ದೆನೇನೋ. ಈಚೆಗೆ ಶಿವು ಆಟ ಬಿಟ್ಟು ಅದೇ ತಂಡದಲ್ಲಿ ಹೊಸಬರಿಗೆ ಕಲಿಸುತ್ತಾನೆ. ಯಾರೋ ಅವನನ್ನು ಕೂರಿಸಿ ಹಳೆಯ ನೆನಪುಗಳನ್ನು ಕೇಳಿ ವೀಡಿಯೋ ಮಾಡಿದರು. ಯಜಮಾನರು ಅಂಗಡಿಯಲ್ಲಿ ಅದನ್ನು ಜೋರಾಗಿ ಹಚ್ಚಿಕೊಂಡು ನೋಡುತ್ತಿದ್ದರು. ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಮಗನ ದನಿ ಕೇಳಿತು:

"ನಮ್ಮ ಡ್ರೆಸ್ಸಿಂಗ್ ರೂಮ್ ಅಂದ್ರ ಮನಿ ಇದ್ದಂಗ ಇತ್ತ್ರಿ. ತವಾ ಅಂತ ಒಬ್ಬಂವಿದ್ದ. ಆ ಹೆಸರ ಇಟ್ಟಾಕಿ ನಮ್ಮವ್ವ! ಅಂವಗೂ ಆ ಹೆಸರಂದ್ರ ಭಾಳ ಪ್ರೀತಿ. ಬೇಕಾರ ನಮ್ಮವ್ವನ್ನ ಕೇಳ್ರಿ."

ಪಾತ್ರೆ ಕೊಳ್ಳಲು ಬಂದಿದ್ದ ನಮ್ಮ ಕಡೆಯವರೂ ನಕ್ಕರು. ಒಬ್ಬಾಕೆ ನನ್ನ ಕಡೆ ತಿರುಗಿ "ಹೌದೇನ್ರಿ ಅಕ್ಕಾರ?" ಎಂದು ಕೇಳಿದಳು. ನಾನು ಡಬ್ಬಿ ಅಲ್ಲಿಟ್ಟು ಅಂಗಡಿಯಿಂದ ಹೊರಗೆ ಬಂದೆ. ನನ್ನ ಸುಳ್ಳು ಈಗ ನಮ್ಮ ಮನೆಯ ತಮಾಷೆಯಾಗಿತ್ತು.

ಸಂಜೆ ಶಿವುನನ್ನು ಕೂರಿಸಿಕೊಂಡು ಹೇಳಿದೆ. "ಸಾಂತಾನ ನನ್ನ ಮುಂದ ಅತ್ತಿದ್ದನೋ. ಆ ಹೆಸರ ಬಿಡಸ್ರಿ ಅಂತ ಬೇಡಿಕೊಂಡಿದ್ದ. ನಾ ನಿನಗ ಹೇಳಲಿಲ್ಲ. ವಿಚಾರಣಿ ಮಾಡಿದವರ ಮುಂದನೂ ಹೇಳಲಿಲ್ಲ."

ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ಗೊತ್ತೈತಿ" ಎಂದ.

"ಏನ್ ಗೊತ್ತೈತಿ?"

"ಅಂವ ನಿನ್ನ ಹತ್ರ ಬಂದಿದ್ದು. ಅಂವನ ಹೇಳಿದ್ದ ನನಗ. 'ನಿಮ್ಮವ್ವಗ ಹೇಳೇನಿ, ಇನ್ನರ ಬಿಡು' ಅಂದ. ನೀ ಬೈತಿ ಅಂತ ಎರಡ ದಿನ ಅಂಜಿಕೊಂಡ ಮನಿಗಿ ಬಂದೆ. ನೀ ಏನೂ ಅನ್ನಲಿಲ್ಲ. ನಿನಗೂ ಒಪ್ಪಿಗಿ ಐತಿ ಅಂತ ತಿಳಕೊಂಡೆ." ಆಮೇಲೆ, ಸ್ವಲ್ಪ ಮೆತ್ತಗೆ: "ಅವ್ವನ ಹತ್ರ ಅಳಾಕ ಹೋಗಿದ್ದ ಅಂತ ಹೇಳಿ ಹುಡುಗ್ರು ಇನ್ನಷ್ಟ ಕಾಡಿದ್ರು. ಮುಗದ ಮಾತು ಬಿಡಬೇ. ಈಗ್ಯಾಕ ಕೆದರತಿ?"

ಬೈಯುತ್ತೇನೆಂದು ಅಂಜಿದ್ದನಂತೆ. ಒಂದು ಮಾತು. ಮಗನನ್ನು ತಾಯಿ ಗದರುವ ಒಂದೇ ಒಂದು ಮಾತು — ಅಷ್ಟಕ್ಕೆ ನಿಲ್ಲುತ್ತಿತ್ತು.

ನಾನು ಸಾಂಕೋಲೆಗೆ ಹೋದೆ. ಕಾರ್ಖಾನೆಗಳ ಹಿಂದೆ ಸಾಲು ಖೋಲಿಗಳು. ಕೇಳಿದ ಕೂಡಲೇ ಮನೆ ತೋರಿಸಿದರು. ಸಾಂತಾನ ಆಗಷ್ಟೇ ಪಾಳಿ ಮುಗಿಸಿ ಬಂದು ದಪ್ಪ ಬೂಟುಗಳನ್ನು ಬಿಚ್ಚುತ್ತಿದ್ದ. ಗುರುತು ಹಿಡಿದ. ಎದ್ದು ನಿಂತ. ಬರ್ರಿ ಅನ್ನಲಿಲ್ಲ.

"ಶಿವು ಕಳಿಸ್ಯಾನೇನ್ರಿ?"

"ಇಲ್ಲಪಾ."

"ಮತ್ತ ಆ ವೀಡಿಯೋದವರು? ಫೋನ್ಯಾಗ ರೆಕಾರ್ಡ್ ಹಚ್ಚೀರೇನು?"

ಚೀಲದಿಂದ ಫೋನು ತೆಗೆದು ಅವನ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ, ತನ್ನ ಹತ್ತಿರವೇ ಇಟ್ಟುಕೊಂಡ. ಅವನ ಸಂಶಯ ನನಗೆ ಬೇಸರ ತರಲಿಲ್ಲ. ಅದು ನಾನೇ ಕಲಿಸಿದ್ದು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ: ಇಲ್ಲ ಎಂದದ್ದು, ಅಡ್ಡಹೆಸರುಗಳ ಕತೆ ಹೇಳಿ ನಗಿಸಿದ್ದು, ಮನೆಯಲ್ಲಿ ತುಟಿ ಬಿಚ್ಚದೆ ಇದ್ದದ್ದು. ನಾನು ನಿಲ್ಲಿಸಿದ ಮೇಲೆ ಫೋನು ವಾಪಸು ಕೊಟ್ಟ.

"ನನಗ್ಯಾಕ ಹೇಳಾಕತ್ತೀರಿ ಅವ್ವಾರ? ಇದು ನನಗ ಗೊತ್ತಿದ್ದದ್ದ ಅಲ್ಲೇನ್ರಿ? ಗೊತ್ತಿಲ್ಲದವರಿಗಿ ಹೇಳ್ರಿ."

ಕಾಕೂ ಅನ್ನಲಿಲ್ಲ. ಬೂಟುಗಳನ್ನು ಎತ್ತಿಕೊಂಡು ಒಳಗೆ ಹೋದ. ಕದ ಮುಚ್ಚಲಿಲ್ಲ, ನನ್ನನ್ನು ಒಳಗೆ ಕರೆಯಲೂ ಇಲ್ಲ. ನಾನು ಬಸ್ ಸ್ಟಾಪಿಗೆ ನಡೆದೆ.

ಕ್ಷಮಿಸು ಎಂದು ಕೇಳಿಲ್ಲ. ಕೇಳಿದ್ದರೆ ಅವನ ಹೆಗಲಿಗೆ ಇನ್ನೊಂದು ಭಾರ ಹಾಕಿದ ಹಾಗಾಗುತ್ತಿತ್ತು. ಅವನು ಹೇಳಿದ್ದು ಸರಿ. ತಂಡದ ಕಚೇರಿಗೆ ಫೋನು ಮಾಡಿದೆ. ಎತ್ತಿದವರು "ಹಳೆಯ ವಿಚಾರ ಮುಗಿದುಹೋಗಿದೆ ಮಾವ್ಶಿ, ಈಗ ಯಾರಿಗೂ ಅದರ ಅವಶ್ಯಕತೆ ಇಲ್ಲ" ಎಂದರು. ಎಷ್ಟು ಬೇಗ ಹೇಳಿದರು ಎಂದರೆ, ಶಿವು ನನಗಿಂತ ಮೊದಲೇ ಅವರೊಂದಿಗೆ ಮಾತಾಡಿದ್ದಾನೆ ಎಂಬ ಅನುಮಾನ ನನಗಿದೆ. ಇರಲಿ. ಅವಶ್ಯಕತೆ ಒಬ್ಬನಿಗಿದೆ. ಸುಳ್ಳು ದೂರು ಕೊಟ್ಟವನು ಎಂಬ ಮಾತು ಇನ್ನೂ ಅವನ ಮೇಲಿದೆ.

ಸೋಮವಾರ ಪೂಜೆ ಮುಗಿಸಿ, ಅಂದು ಹೇಳಿದ್ದು ಸುಳ್ಳು ಎಂದು ಹೇಳಲು ತಂಡದ ಕಚೇರಿಗೇ ಹೊರಡುತ್ತೇನೆ. ಯಜಮಾನರು ಬೇಡವೆಂದೂ ಅಂದಿಲ್ಲ, ಬರುತ್ತೇನೆಂದೂ ಅಂದಿಲ್ಲ. ನಿನ್ನೆ ಶಿವು ಬಂದು ಬಾಗಿಲಲ್ಲೇ ನಿಂತು "ಹೋಗೂದಿದ್ರ ಹೋಗಬೇ, ನಿಂದಷ್ಟ ಹೇಳು. ನನ್ನ ಹೆಸರ ತಗೀಬ್ಯಾಡ. ನನ್ನ ಕೆಲಸ ಹೋಗತೈತಿ" ಎಂದ. ನನ್ನ ಒಪ್ಪಿಗೆಯಿದೆ ಎಂದು ಅವನು ತಿಳಿಯುವಂತೆ ಈ ಸಲ ಸುಮ್ಮನಿರಲಿಲ್ಲ.

"ತಗೀತೀನಿ. ಮೊದಲ ನಂದು, ಆಮ್ಯಾಲೆ ನಿಂದು" ಎಂದೆ.