ಅವ್ವನ ದಡಿಗಳು ನಮ್ಮ ಮನೆಯಲ್ಲೇ ಇರುತ್ತವೆ

ನನ್ನ ಅವ್ವ ಇಳಕಲ್ಲಿನ ನೇಕಾರಳು. ಸೀರೆಯ ದಡಿಗೆ, ಅಂದರೆ ಅಂಚಿಗೆ, ಹೊಸ ವಿನ್ಯಾಸಗಳನ್ನು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿ ತುಂಬಿ ಬರೆಯುವವಳು. ಅವಳ ಸೀರೆ ಮಾರುವ ಬಾಗಲಕೋಟೆಯ ಸಾಹುಕಾರರು ಅವನ್ನು "ನಮ್ಮ ಅಂಗಡಿ ಡಿಸೈನ್" ಎಂದು ಗಿರಾಕಿಗಳಿಗೆ ಹೇಳಿದ್ದನ್ನು ಒಮ್ಮೆ ಕಿವಿಯಾರೆ ಕೇಳಿದೆ. ಮೈ ಉರಿಯಿತು. ಮನೆಗೆ ಬಂದವಳೇ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರತಿಯೊಂದರ ಕೆಳಗೂ ಅವ್ವನ ಹೆಸರು ಹಾಕಿ, ಹಳೆಯ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ಮಗ್ಗದ ಕೋಣೆಯಲ್ಲಿಟ್ಟೆ. ಯಾರಿಗೆ ಬೇಕೋ ಅವರು ಇಂಟರ್ನೆಟ್ಟಿನಲ್ಲಿ ಕೂತಲ್ಲಿಂದಲೇ ನೋಡಲಿ, ಹೆಸರಿನ ಸಮೇತ ನೋಡಲಿ.

ಇದನ್ನು ಕೇಳಿ ಸಾಹುಕಾರರು ನಕ್ಕರು. "ಅಲ್ಲವಾ ತಂಗಿ, ಮನ್ಯಾಗಿನ ಡಬ್ಬಿ ಯಾರ ನಂಬ್ತಾರ? ಎಲ್ಲಾ ನಮ್ಮ ಅಂಗಡಿ ಕಂಪ್ಯೂಟರ್‌ಗೆ ಹಾಕಿಬಿಡು. ನಾವು ಜ್ವಾಕಿ ಮಾಡ್ತೇವಿ."

"ಜ್ವಾಕಿ ಮಾಡಾಕ ನಮಗೂ ಬರತೈತ್ರಿ ಸಾವ್ಕಾರ್ರ."

"ಹಂಗಾದ್ರ ನಾ ಡಿಸೈನ್ ನೋಡಾಕ ತಗದಾಗೆಲ್ಲ ತಗೀಬೇಕು. ಇಲ್ಲಾಂದ್ರ ಫೈಲ್ ನಮ್ಮ ಕಡೆ."

ಆಗಲಿ ಎಂದುಬಿಟ್ಟೆ. ಮೂರು ವಾರ ಚೆಂದಾಗಿ ನಡೆಯಿತು. ನಾಲ್ಕನೆಯ ವಾರ, ನಾನು ಹುನಗುಂದದಲ್ಲಿ ಕಂಪ್ಯೂಟರ್ ಕ್ಲಾಸ್ ಹೇಳುತ್ತಿದ್ದಾಗ ಅವರ ಫೋನ್ ಬಂತು. "ಏನವಾ, ಡಬ್ಬಿ ಸತ್ತೈತೇನು? ಸಂಜಿತನಾ ನೋಡ್ತೇನಿ."

ಕ್ಲಾಸಿನಿಂದ ನಾನೂ ತೆರೆದು ನೋಡಿದೆ, ಇಲ್ಲ. ಅವ್ವನಿಗೆ ಫೋನ್ ಮಾಡಿದರೆ, ಮನೆಯ ವೈಫೈನಲ್ಲೇ ತನ್ನ ಮೊಬೈಲಿನಲ್ಲಿ ತೆರೆದು, "ನನಗ ಛಂದ ಕಾಣಾಕತ್ತಾವಲ್ಲ," ಎಂದಳು. ಅಂದರೆ ಸರ್ವರ್ ಬದುಕಿತ್ತು, ಹೊರಗಿನ ದಾರಿ ಮಾತ್ರ ಕಟ್ಟಿತ್ತು. ಮನೆಗೆ ಇಂಟರ್ನೆಟ್ಟಿನ ರೂಟರ್ ಕೂಡಿಸಿದವನನ್ನು ಕೇಳಿದೆ. "ಮನಿ ಸರ್ವರ್ ಹೊರಗಿಂದ ಕಾಣೂದಿಲ್ರಿ ಮೇಡಂ, ಬಿಟ್ಟಬಿಡ್ರಿ." ಮೂರು ವಾರ ಹೇಗೆ ಕಂಡಿತಪ್ಪ ಎಂದರೆ ಫೋನ್ ಇಟ್ಟ. ಬಿಡುವವಳು ನಾನಲ್ಲ. ಅರ್ಧ ದಿನ ರಜೆ ಹಾಕಿ ಇಳಕಲ್ ಬಸ್ಸು ಹತ್ತಿದೆ.

ಹೊರಗಿನಿಂದ ಬಂದವರು ಮೊದಲು ರೂಟರಿನ ಬಾಗಿಲು ಬಡಿಯುತ್ತಾರೆ. ಒಳಗೆ ಯಾವ ಯಂತ್ರದ ಕಡೆ ಅವರನ್ನು ಕಳಿಸಬೇಕೆಂದು ರೂಟರಿಗೆ ನಾವು ಹೇಳಿಡಬೇಕು. ಮನೆಯ ಒಂದೊಂದು ಯಂತ್ರಕ್ಕೂ ರೂಟರ್ ಒಂದೊಂದು ನಂಬರ್ ಕೊಟ್ಟಿರುತ್ತದೆ. ಐದನೆಯ ನಂಬರಿಗೆ ಕಳಿಸು ಎಂದು ನಾನು ಬರೆದದ್ದು ಬರೆದ ಹಾಗೇ ಇತ್ತು. ಸರ್ವರಿನ ನಂಬರ್ ನೋಡಿದರೆ ಎಂಟು! ಹಾಗಾದರೆ ಐದು ಯಾರು? ನಡುಮನೆಯ ಟಿ.ವಿ. ಬೆಳಗಿನಿಂದ ಸಾಹುಕಾರರು ನಮ್ಮ ಟಿ.ವಿ.ಯ ಬಾಗಿಲು ಬಡಿಯುತ್ತಿದ್ದರು.

"ಅವ್ವಾ, ಇದನ್ನ ಯಾರರ ಬಂದ್ ಮಾಡಿದ್ರೇನು?"

"ನಾನ ಮಾಡೇನಿ. ನಿನ್ನಿ ಅಮಾಸಿ ಇತ್ತಲ್ಲ. ಮಗ್ಗಕ್ಕ ಸೂಟಿ ಕೊಟ್ಟು ಇದಕ್ಕ ಕೊಡಲಿಲ್ಲಂದ್ರ ಹೆಂಗ?"

ನೋಡಿದೆ. ಸರ್ವರಿಗೂ ರೂಟರಿಗೂ ವಿಭೂತಿ ಹಚ್ಚಿದ್ದಳು. ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಮಗ್ಗ ಮುಟ್ಟುವುದಿಲ್ಲ. ಒರೆಸಿ ಪೂಜೆ ಮಾಡುತ್ತೇವೆ. ಬೆಳಿಗ್ಗೆ ಸ್ವಿಚ್ ಒತ್ತಿ ಎಲ್ಲ ಹಚ್ಚುವಾಗ ಮೊದಲು ಟಿ.ವಿ. ಹಚ್ಚಿದ್ದಾಳೆ. ರೂಟರ್ ಬಂದವರಿಗೆ ಬಂದಂತೆ ನಂಬರ್ ಹಂಚಿದೆ; ಸರ್ವರಿನ ಐದು ಟಿ.ವಿ.ಗೆ ಹೋಗಿದೆ.

ಇನ್ನು ಮೇಲೆ ಬಂದ್ ಮಾಡಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಒಂದು ಡಬ್ಬಿಗಾಗಿ ನನ್ನ ಅವ್ವ ಯಾಕೆ ತನ್ನ ಪದ್ಧತಿ ಬಿಡಬೇಕು? ಬೇಕಾದರೆ ಡಬ್ಬಿಯೇ ಅವಳಿಗೆ ಹೊಂದಿಕೊಳ್ಳಲಿ. ಐದನೆಯ ನಂಬರ್ ಈ ಸರ್ವರಿನದು, ಯಾರು ಮೊದಲು ಬಂದರೂ ಬೇರೆಯವರಿಗೆ ಕೊಡಬೇಡ ಎಂದು ರೂಟರಿನಲ್ಲಿ ಖಾಯಂ ಮಾಡಿದೆ. ಸಂಜೆಯೊಳಗೆ ಸಾಹುಕಾರರಿಗೆ ದಡಿಗಳು ಕಂಡವು.

ಮುಂದಿನ ತಿಂಗಳು ಮತ್ತೆ ಫೋನ್. "ಬಂದ್ ಆತಲ್ಲವಾ! ಮಾತು ಅಂದ್ರ ಮಾತು. ಫೈಲ್ ಕಳಸು."

"ಕಳಸೂದಿಲ್ರಿ. ಇವತ್ತ ಅಮಾಸಿ. ಅಮಾಸಿ ದಿನಾ ಮಗ್ಗಾ ಯಾಕ ನಡಸಂಗಿಲ್ಲ ಅಂತ ಯಾವ ನೇಕಾರಗರ ಕೇಳೀರೇನು?"

"ಇಲ್ಲ..."

"ಇದೂ ನಮ್ಮ ಮಗ್ಗನ. ನಾಳೆ ಮುಂಜಾನಿ ತಗೀತೈತಿ."

ಮರುದಿನ ನಾನು ಏನನ್ನೂ ಮುಟ್ಟಲಿಲ್ಲ. ಅವ್ವನೇ ಎಲ್ಲ ಹಚ್ಚಿದಳು, ಎಂದಿನಂತೆ ಟಿ.ವಿ. ಮೊದಲು. ಸ್ವಲ್ಪ ಹೊತ್ತಿಗೆ ಸಾಹುಕಾರರ ಫೋನ್ ಬಂತು. ದನಿ ಸಣ್ಣದಾಗಿತ್ತು.

"ತಂಗಿ, ಒಬ್ರು ಗಿರಾಕಿ ಕುಂತಾರ. ದಡಿ ಕೆಳಗ ಹೆಸರು ಐತಲ್ಲ, ಅವರ ಕೂಡನ ಮಾತಾಡಬೇಕಂತಾರ. ಅವ್ವಾರ ಅದಾರೇನು?"

ಮಗ್ಗದಿಂದ ಎದ್ದು ಬಂದ ಅವ್ವನ ಕೈಗೆ ಫೋನ್ ಕೊಟ್ಟೆ.